ಹಿತ್ತಾಳೆ ಬಿಲ್ಲೆ

ಇಪ್ಪತ್ತೊಂಬತ್ತು ವರ್ಷ ಹಳಿಯ ಮೇಲೆ ನಡೆದವನು ನಾನು,
ಖರಗೌಲಿಯಿಂದ ಕಣಿವೆಯ ಕಬ್ಬಿಣದ ಸೇತುವೆಯವರೆಗೆ,
ಕೈಯಲ್ಲಿ ಲಾಟೀನು, ಹೆಗಲಲ್ಲಿ ಸುತ್ತಿಗೆ.
ದಿಮ್ಮಿಯಿಂದ ದಿಮ್ಮಿಗೆ ಹೆಜ್ಜೆಗೊಂದು ಲೆಕ್ಕ.
ಎಲ್ಲೋ ಒಂದು ಕಡೆ ಅಂತರ ತಪ್ಪಿರುತ್ತದೆ,
ಕಾಲು ಗಾಳಿಯಲ್ಲೇ ತಡವರಿಸಿ
ಆಮೇಲೆ ಧೊಪ್ಪೆಂದು ಊರುತ್ತದೆ.
ಎದೆಯೊಳಗೂ ಹಾಗೆಯೇ.
ಐವತ್ತೆಂಟಕ್ಕೆ ಶುರುವಾಯಿತು.

ಕುತೈಸಿಯ ಹೃದಯದ ಡಾಕ್ಟರು
ಒಂದು ಹಗಲು ಒಂದು ರಾತ್ರಿ ಸೊಂಟಕ್ಕೆ ಯಂತ್ರ ಕಟ್ಟಿ ಕಳಿಸಿದರು.
ಲಕ್ಷದ ಮೇಲೆ ಬಡಿತ. ಅದರಲ್ಲಿ ಆರುನೂರ ಹನ್ನೆರಡು
ಸರದಿ ಮುರಿದು ಮುಂದೆ ನುಗ್ಗಿದ್ದವು.
ಗೋಡೆ ಗಟ್ಟಿ, ಕವಾಟ ಸರಿ,
ಇಷ್ಟು ತುಂಟತನ ಎಷ್ಟೋ ಜನಕ್ಕಿದೆ, ಮರೆತುಬಿಡಿ ಎಂದರು.
ಮರೆಯಲು ಅದು ಬಿಡಬೇಕಲ್ಲ!
ರಾತ್ರಿ ಎಡಕ್ಕೆ ಹೊರಳಿದರೆ ಸಾಕು, ತಪ್ಪುತ್ತದೆ,
ನಾನೊಮ್ಮೆ ಕೆಮ್ಮುತ್ತೇನೆ, ದಾರಿಗೆ ಬರುತ್ತದೆ.
ಒಂಬತ್ತು ವರ್ಷದಿಂದ ಹೀಗೆ
ಕೆಮ್ಮಿ ಕೆಮ್ಮಿಯೇ ಜೀವ ಹಿಡಿದುಕೊಂಡಿದ್ದೇನೆ.
ನಾಝಿಬ್ರೋಲಾ ನಗುತ್ತಾಳೆ. ನಗಲಿ.

ಈಗ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕಂತೆ,
ಅಪ್ಪ ಹೋದದ್ದು ಆ ರೋಗದಲ್ಲೇ.
ಮಂಪರು ಕೊಡುತ್ತೇವೆ, ಇಪ್ಪತ್ತೇ ನಿಮಿಷ,
ನಿಮಗೆ ಗೊತ್ತೇ ಆಗುವುದಿಲ್ಲ ಎಂದರು
ಅದೇನೋ ಸಮಾಧಾನದ ಮಾತು ಎಂಬಂತೆ.
ಪಕ್ಕದ ಮನೆಯವಳು ಬಿಸಿ ರೊಟ್ಟಿಯ ಜೊತೆಗೆ
ಚಿಯಾತೂರಾದ ಭಾವಮೈದುನನ ಕಥೆಯನ್ನೂ ತಂದಳು:
ಹಲ್ಲು ಕೀಳಿಸಲು ಮಲಗಿದವನು ಮತ್ತೆ ಏಳಲಿಲ್ಲ.
ಅವಳು ಹೋದ ಮೇಲೆ ನಾಝಿಬ್ರೋಲಾ ಕೇಳಿದಳು,
ಅವನೇ ಅಲ್ಲವೇ, ಹೋದ ಸುಗ್ಗಿಯ ಮದುವೆಯಲ್ಲಿ
ಬೆಳಗಿನ ಜಾವದವರೆಗೂ ಕುಣಿದವನು?

ಹಿಂದಿನ ರಾತ್ರಿ ಲೀಟರುಗಟ್ಟಲೆ ಉಪ್ಪುನೀರು.
ಹಾಸಿಗೆಗೂ ಕಕ್ಕಸಿಗೂ ಹನ್ನೊಂದು ಹೆಜ್ಜೆ,
ಮುಂಜಾವದವರೆಗೆ ಪಹರೆ ತಿರುಗಿದೆ.
ಹಳೆಯ ನೌಕರಿಯೇ ವಾಪಸು ಬಂದಂತಿತ್ತು.

ಮಂಪರಿನ ಡಾಕ್ಟರ್ ಎತೇರಿ, ನನ್ನ ಮಗಳಿಗಿಂತ ಚಿಕ್ಕವಳು,
ಮಂಚದಂಚಿಗೆ ಕೂತು ಆ ಪತ್ರವನ್ನು ಎರಡು ಸಲ ಓದಿದಳು.
ಎಂದಾದರೂ ಪ್ರಜ್ಞೆ ತಪ್ಪಿತ್ತೇ? ಮೆಟ್ಟಿಲಲ್ಲಿ ಏದುಸಿರೇ? ಗೊರಕೆ?
ಎದೆಯ ಮಾತ್ರೆ ಬೆಳಿಗ್ಗೆ ಗುಟುಕು ನೀರಲ್ಲಿ ನುಂಗಿದಿರಾ?
ಭೇದಿಯಲ್ಲಿ ರಕ್ತದ ಲವಣ ತೊಳೆದುಹೋಗುತ್ತದೆ ಎಂದು
ಅದನ್ನೂ ಪರೀಕ್ಷಿಸಿ ಬಂದಿದ್ದಳು.
ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ,
ನಾನು ಮಲಗಿದ್ದಾಗ ಅದು ತಪ್ಪಿದರೆ ಕೆಮ್ಮುವವರು ಯಾರು?

ಅವಳು ನಗಲಿಲ್ಲ.
"ಅಪಾಯವೇ ಇಲ್ಲ ಎಂದರೆ ಸುಳ್ಳಾಗುತ್ತದೆ ವರ್ಲಾಮ್.
ಇಂಥ ಹೃದಯಗಳನ್ನು ವಾರವಾರವೂ ಮಲಗಿಸಿ ಎಬ್ಬಿಸುತ್ತೇನೆ.
ನಾನು ಹೆಚ್ಚು ಕಾಯುವುದು ನಿಮ್ಮ ಉಸಿರನ್ನು,
ಮಂಪರಿನಲ್ಲಿ ಮೊದಲು ಸೋಮಾರಿಯಾಗುವುದು ಅದು.
ಕ್ಯಾಮೆರಾ ಹಿಡಿಯುವವರು ಬೇರೆ.
ನನಗೆ ನಿಮ್ಮನ್ನು ನೋಡುವುದೊಂದೇ ಕೆಲಸ."

ಸೇತುವೆಯ ನಡುವೆ ನಡುರಾತ್ರಿಗೆ
ಆಚೆ ಕಡೆಯಿಂದ ಸೆರಪಿಯೋನ್ ಬರುತ್ತಿದ್ದ.
ನನ್ನ ನಂಬರಿನ ಹಿತ್ತಾಳೆ ಬಿಲ್ಲೆ ಅವನ ಕೈಗೆ,
ಅವನದು ನನ್ನ ಜೇಬಿಗೆ. ಇಬ್ಬರೂ ನಡೆದಿದ್ದಕ್ಕೆ ಅದೇ ಸಾಕ್ಷಿ.
ಒಂದು ಬೀಡಿ, ಎರಡು ಬೈಗುಳ, ಬೆನ್ನು ತಿರುವು.
ಆಚೆಯ ಹಳಿಯಲ್ಲಿ ಬಂಡೆ ಬಿದ್ದಿದೆಯೇ, ಮೊಳೆ ಸಡಿಲವೇ,
ಒಮ್ಮೆಯೂ ದಾಟಿ ನೋಡಿದವನಲ್ಲ ನಾನು.
ಮನೆಗೆ ಹೋಗಿ ಮಲಗುತ್ತಿದ್ದೆ.
ರೈಲುಗಳು ಹೋಗುತ್ತಿದ್ದವು.

ಬೆರಳಿಗೆ ಚಿಮಟಿಗೆ, ಮೂಗಿಗೆ ಗಾಳಿಯ ಕೊಳವೆ,
ನರದೊಳಗೆ ಹಾಲಿನಂಥ ಬಿಳಿ ಮದ್ದು, ಸ್ವಲ್ಪ ಉರಿ.
ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಿತ್ತು, ಟಿಕ್ ಟಿಕ್,
ಆಮೇಲೆ ಅಗೋ, ತಪ್ಪಿತು.
ಕೆಮ್ಮಲು ಬಾಯಿ ತೆರೆದೆ.
ಅವಳ ಕಣ್ಣು ಆಗಲೇ ಪರದೆಯ ಮೇಲಿತ್ತು.

ಎದ್ದಾಗ ಹಸಿವು, ಬರೀ ಹಸಿವು.
ಎರಡು ಸಣ್ಣ ಗಂಟು ತೆಗೆದಿದ್ದಾರೆ, ಪರೀಕ್ಷೆಗೆ ಹೋಗಿದೆ.
ಎಷ್ಟು ಸಲ ತಪ್ಪಿತು ಎಂದು ಎತೇರಿಯನ್ನು ಕೇಳಿದೆ.
ಹದಿನಾಲ್ಕು ಅಂದಳು, ಕೈಗವಸು ಕಳಚುತ್ತ.

ಹದಿನಾಲ್ಕು ಸಲ.
ಒಂದು ಕೆಮ್ಮೂ ಇಲ್ಲದೆ.
ಇದನ್ನು ನಾಝಿಬ್ರೋಲಾಗೆ ಹೇಳುವುದೋ ಬೇಡವೋ
ಎಂದು ಇಡೀ ಬಸ್ಸಿನಲ್ಲಿ ಯೋಚಿಸುತ್ತ ಬಂದೆ.